ದಾರಿಗೆ ಹಾಕಿದ ಮುಳ್ಳು

"ಟ್ರೆಕ್ಕಾ ಮೇಡಂ?"

ತಂತಿ ಬೇಲಿಯ ಆಚೆ ನಿಂತಿದ್ದ ಕಾವಲುಗಾರ ಕೇಳಿದ. ನನ್ನ ಬೆನ್ನಿಗೆ ಚೀಲವಿತ್ತು, ಕಾಲಿಗೆ ಶೂ ಇತ್ತು. ಅವನ ತಪ್ಪಲ್ಲ.

"ಅಲ್ಲಪ್ಪ, ಮನೆಗೆ."

"ಈ ಕಡೆ ಮನೆ ಯಾವ್ದೂ ಇಲ್ಲ ಮೇಡಂ. ಇದು ಟ್ರೇಲು. ರೆಸಾರ್ಟ್ ಗೆಸ್ಟ್‌ಗಳಿಗೆ ಮಾತ್ರ. ನೀವು ರೋಡಲ್ಲಿ ಸುತ್ತಾಕ್ಕೊಂಡ್ ಹೋಗಿ."

ಯಾವ ಟ್ರೇಲು ಎಂದು ಕೇಳಿದೆ. ಬಂಡೆಯ ಮೇಲೆ ಬಳಿದಿದ್ದ ಹಳದಿ ಬಾಣ ತೋರಿಸಿದ. ಆ ಬಂಡೆಯಲ್ಲಿ ಮಳೆನೀರು ನಿಲ್ಲುವ ಒಂದು ಗುಳಿಯಿದೆ. ಡಿಗ್ರಿ ಓದಿದ ಅಷ್ಟೂ ಕಾಲ ನಾನು ಆ ಗುಳಿಯಲ್ಲಿ ಕಾಲಿನ ಕೆಸರು ತೊಳೆದುಕೊಂಡು ಬಸ್ಸಿಗೆ ಇಳಿದಿದ್ದೇನೆ. ಬಂದ ದಾರಿಯಲ್ಲೇ ತಿರುಗಿ, ಮೈನ್ ರೋಡಿಗೆ ಇಳಿದು, ಸುತ್ತಿ ಊರು ಸೇರುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು.

ನಂದಿಯ ಸಾಲಿನಿಂದ ಬೇರೆಯಾಗಿ ಕುಕ್ಕರಿಸಿರುವ ಒಂದು ಗುಡ್ಡದ ಬುಡದಲ್ಲಿ ನಮ್ಮೂರಿದೆ. ಗುಡ್ಡದ ಮೈಮೇಲೆಲ್ಲ ಕಾಲುದಾರಿಗಳು. ಕುರಿಯ ದಾರಿ ಬೇರೆ, ಸೌದೆಯ ದಾರಿ ಬೇರೆ. ಕೆರೆ ಕೋಡಿಯಿಂದ ಹೊರಟು ದೇವರ ಗುಂಡುಕಲ್ಲಿನ ತನಕ ಹೋಗುವುದು ಇನ್ನೊಂದು. ಇವೆಲ್ಲಕ್ಕಿಂತ ಸವೆದದ್ದು ಗುಡ್ಡದ ಕಣಿವೆ ಹತ್ತಿ ಆಚೆ ಇಳಿದು ಚಿಕ್ಕಬಳ್ಳಾಪುರದ ಬಸ್ಸು ಸಿಗುವ ರೋಡಿಗೆ ಸೇರುವ ದಾರಿ. ಊರೊಳಗೆ ಬರುವ ಬಸ್ಸು ಬರುವ ವೇಳೆಗೆ ಕಾಲೇಜಿನಲ್ಲಿ ಮೊದಲ ಪಾಠ ಮುಗಿದಿರುತ್ತದೆ. ಆಚೆಯ ರೋಡಿನಲ್ಲಿ ಬಸ್ಸಿಗೆ ಬರವಿಲ್ಲ.

ಶನಿವಾರ ಭಾನುವಾರ ಬೆಂಗಳೂರಿನಿಂದ ಗುಡ್ಡ ಹತ್ತುವವರು ಬರುತ್ತಾರೆ. ಕೋಲು ಊರಿಕೊಂಡು, ನೀರಿನ ಬಾಟಲಿ ಸಿಕ್ಕಿಸಿಕೊಂಡು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಡೆಯುವವರು ಯಾರಾದರೇನು, ದಾರಿ ಉಳಿಯುವುದು ಅವರ ಕಾಲಿನಿಂದಲೇ.

ನಮ್ಮ ಮನೆಗೆ ಬಿ.ಎ. ಬಂದದ್ದು ಈ ದಾರಿಯಲ್ಲಿ. ನಮ್ಮಪ್ಪ ಹೆಬ್ಬೆಟ್ಟು, ಅಮ್ಮ ಹೆಬ್ಬೆಟ್ಟು, ಅಣ್ಣ ಎಸ್ಸೆಸ್ಸೆಲ್ಸಿಗೆ ನಿಂತವನು. "ಕುರಿ ಕಾಯೋಕಾ ಕಾಲೇಜ್ಗಾ?" ಎಂದು ಒಂದು ದಿನ ಕಂಡಕ್ಟರು ನನ್ನ ಲಂಗದ ಅಂಚಿಗೆ ಅಂಟಿದ್ದ ಹುಲ್ಲುಮುಳ್ಳು ನೋಡಿ ಬಸ್ಸಿಗೆಲ್ಲ ಕೇಳುವಂತೆ ನಕ್ಕ. "ಎರಡೂ ಬರುತ್ತೆ ನಂಗೆ. ನಿಂಗ್ ಯಾವ್ದು ಬರುತ್ತೆ?" ಅಂದೆ. ಆಮೇಲೆ ಅವನು ನನ್ನ ತಂಟೆಗೆ ಬರಲಿಲ್ಲ. ಈಗ ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮೇಡಂ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದ್ದಲ್ಲ, ನಡೆದು ಹೋಗಿ ತಂದುಕೊಂಡದ್ದು.

ಆ ಮಧ್ಯಾಹ್ನ ಅಣ್ಣ ತಟ್ಟೆಯ ಮುಂದೆ ಕೂತೇ ನನ್ನ ಹತ್ತಿರ ವಿಷಯ ತೆಗೆದ.

"ನಿನ್ ಸೊಸೇನ ಕಾಲೇಜು ಬಿಡ್ಸ್‌ತೀನಿ ಕಣಮ್ಮ. ದಾರಿ ಮುಚ್ಚೋಯ್ತು. ಸುತ್ತಾಕ್ಕೊಂಡು ಹೋಗ್ ಬರೋಷ್ಟ್ರಲ್ಲಿ ಕತ್ಲಾಗುತ್ತೆ."

ಅಣ್ಣನ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ದಾರಿ ಮುಚ್ದಾಗ ನೀವ್ ಗಂಡಸ್ರು ಏನ್ ಮಾಡ್ತಿದ್ರಿ?"

"ನಮ್ಗೆಲ್ಲ ಬೈಕ್ ಐತಲ್ಲ," ಅಂದ ಅಣ್ಣ. ಸುಳ್ಳು ಹೇಳುವವನಲ್ಲ ಪಾಪ. ಇದ್ದದ್ದೇ ಅದು. ಬೈಕು ಬಂದ ಮೇಲೆ ಗುಡ್ಡದ ದಾರಿಯಲ್ಲಿ ನಡೆಯುತ್ತಿದ್ದವರು ಹೆಂಗಸರು ಮತ್ತು ಓದುವ ಹೆಣ್ಣುಮಕ್ಕಳು. ಅರಳಿಕಟ್ಟೆಯಲ್ಲಿ ಕೂತು ಊರಿನ ಮಾತಾಡುವವರಲ್ಲಿ ಇವರಿಲ್ಲ.

"ಬೇಕಾದ್ರೆ ನನ್ನ ಮನೇಲಿ ಇದ್ಕೊಂಡು ಓದ್ಲಿ," ಅಂದೆ.

"ನಾನ್ಯಾಕೆ ಬರ್ಲಿ ಅತ್ತೆ?" ಹುಡುಗಿ ಬಾಗಿಲಿನಿಂದಲೇ ಅಂದಳು. "ಬೇಲಿ ಹಾಕಿದೋರು ಅವ್ರು, ಊರು ಬಿಡೋಳು ನಾನಾ?"

ನಾನು ಆಡಬೇಕಾಗಿದ್ದ ಮಾತು ಅದು.

ಬೇಲಿ ಅಲ್ಲಿಗೆ ಬಂದದ್ದು ಹೇಗೆ ಎನ್ನುವುದರಲ್ಲಿ ಊರಿನ ತಪ್ಪೂ ಇದೆ. ಕಣಿವೆಯ ಆಚೆ ಮಗ್ಗುಲಿನ ಹೊಲ ನಮ್ಮ ದೊಡ್ಡಪ್ಪನದು, ಅಂದರೆ ನಮ್ಮಪ್ಪನ ದಾಯಾದಿ ಅಣ್ಣನದು. ರಾಗಿ ಪೈರು ನಿಂತಿರುವಷ್ಟು ದಿನ ದನಕರು ನುಗ್ಗದಂತೆ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು ಹಾಕುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದದ್ದು. ಆಗ ಜನ ಬಂಡೆಯ ಅಂಚು ಹಿಡಿದು ದಾಟಿಕೊಳ್ಳಬೇಕು. ಕೊಯ್ಲಾದ ಮೇಲೆ ಮುಳ್ಳು ಹಾಕಿದವನೇ ಬಂದು ತೆಗೆಯಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಜಗಳ.

ದೊಡ್ಡಪ್ಪ ಮುಳ್ಳು ಹಾಕಿದ ವರ್ಷವೇ ಹೊಲ ಮಾರಿ ಗೌರಿಬಿದನೂರಿನ ಮಗಳ ಮನೆಗೆ ಹೋಗಿದ್ದ. ತೆಗೆಯುವವರು ಯಾರು? ಬಂದಾಗ ತೆಗೆಯುತ್ತಾನೆ ಎಂದು ಎಲ್ಲರೂ ಬಂಡೆಯ ಅಂಚಿನಲ್ಲೇ ಓಡಾಡಿದರು. ಕೊಂಡ ರೆಸಾರ್ಟಿನವರು ಬಂದು ನೋಡಿದಾಗ ಕಂಡದ್ದು ಮುಳ್ಳು ಬಡಿದು ಮುಚ್ಚಿದ ದಾರಿ. ಅದೇ ಸಾಲಿಗೆ ಕಂಬದಂಥ ಕಲ್ಲು ಕೂಚ ನೆಟ್ಟು, ಮುಳ್ಳಿನ ಮೇಲೆಯೇ ತಂತಿಬಲೆ ಎಳೆದು ಬಿಗಿದರು. ಬಂಡೆಯ ಅಂಚೂ ಒಳಗೆ ಸೇರಿಹೋಯಿತು.

ದಾರಿಯ ಅಳತೆಗೆ ಸರ್ವೆ ಆಫೀಸಿನಲ್ಲಿ ಅರ್ಜಿ ಕೊಟ್ಟೆ. ಅಲ್ಲಿದ್ದವರು "ಬರ್ತೀವಿ ಮೇಡಂ" ಅಂದರು. ಯಾವಾಗ ಎಂದು ಹೇಳಲಿಲ್ಲ. ಹುಡುಗಿಯ ಕ್ಲಾಸು ಅವರಿಗೋಸ್ಕರ ಕಾಯುತ್ತದೆಯೇ? ಮುಂದಿನ ಭಾನುವಾರ ಬೆಳಿಗ್ಗೆಯೇ ಗೌರಿಬಿದನೂರಿನ ಬಸ್ಸು ಹತ್ತಿದೆ.

ದೊಡ್ಡಪ್ಪ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಕೇಳಿ ಮುಗಿಸುವ ತನಕ ಕೈ ನಿಲ್ಲಿಸಲಿಲ್ಲ.

"ನನ್ ಮುಳ್ಳು ಇನ್ನೂ ಅಲ್ಲೇ ಬಿದ್ದೈತಾ?"

"ಬಲೆ ಕೆಳಗೆ ಐತೆ ದೊಡ್ಡಪ್ಪ."

"ಥೂ! ಇಡೀ ಊರು ನನ್ ಮುಳ್ಳು ದಾಟ್ಕೊಂಡು ಓಡಾಡ್ತಿದ್ಯಾ ಇಷ್ಟು ದಿನ? ಒಂದ್ ಫೋನ್ ಮಾಡಕ್ಕೆ ಏನ್ ರೋಗ ನಿಮ್ಗೆ?" ಎಂದವನು ಮಡಿಲಿನ ಸಿಪ್ಪೆ ಕೊಡವಿ, "ಸರೇ, ಪದ ಪದ" ಎಂದು ತೆಲುಗಿನಲ್ಲಿ ನನ್ನನ್ನೇ ಅವಸರ ಮಾಡುತ್ತ ಚಪ್ಪಲಿ ಹುಡುಕಿದ.

ನಾವು ಬಸ್ಸಿನ ರೋಡಿನಿಂದ ಗುಡ್ಡ ಹತ್ತುವ ಹೊತ್ತಿಗೆ, ನಾನು ಫೋನಿನಲ್ಲಿ ಹೇಳಿದ್ದಂತೆ, ಹುಡುಗಿ ಊರಿನ ಹೆಂಗಸರನ್ನು ಸೇರಿಸಿಕೊಂಡು ಊರ ಕಡೆಯಿಂದ ಬಂದು ಬೇಲಿಯ ಆಚೆ ನಿಂತಿದ್ದಳು. ಬೇಲಿಯ ಬಳಿ ರೆಸಾರ್ಟಿನ ಕೆಲವು ಅತಿಥಿಗಳು ಫೋಟೊ ತೆಗೆದುಕೊಳ್ಳುತ್ತಿದ್ದರು. ಕಾವಲುಗಾರ ಓಡಿಹೋಗಿ ಮ್ಯಾನೇಜರನನ್ನು ಕರೆತಂದ. ತೊಳೆದ ಅಂಗಿ, ತಣ್ಣನೆಯ ಮಾತು.

"ಏನ್ ಪ್ರಾಬ್ಲಂ ಮೇಡಂ? ಜಮೀನು ದುಡ್ಡು ಕೊಟ್ಟು ತಗೊಂಡಿರೋದು. ಇವ್ರೇ ಅಲ್ವಾ ಮಾರಿದ್ದು?"

"ಹೂಂ, ನಾನೇ," ಅಂದ ದೊಡ್ಡಪ್ಪ. "ಹೊಲ ಮಾರ್ದೆ. ದಾರಿ ಮಾರಿಲ್ಲ. ನಂದಾಗಿದ್ರೆ ತಾನೇ ಮಾರಕ್ಕೆ?"

"ದಾರಿ ಎಲ್ಲಿತ್ತು? ಮುಳ್ಳು ಹಾಕಿ ಮುಚ್ಚಿತ್ತಲ್ಲ!"

"ಅದು ದನಕ್ಕೆ ಹಾಕಿದ್ದು ಕಣಪ್ಪ, ಜನಕ್ಕಲ್ಲ. ಈಗ ನಾನು ಜಗಳಕ್ಕೂ ಬಂದಿಲ್ಲ. ನನ್ ಮುಳ್ಳು ನಂಗ್ ಕೊಡು, ತಗೊಂಡು ಹೋಗ್ತೀನಿ."

ಮ್ಯಾನೇಜರು ಅತಿಥಿಗಳ ಕಡೆ ನೋಡಿ ನಕ್ಕ. ಅವರೂ ನಕ್ಕರು. "ತಗೊಂಡ್ ಹೋಗಿ ಯಜಮಾನ್ರೇ! ಒಣಗಿದ ಮುಳ್ಳು ಯಾರಿಗ್ ಬೇಕು?"

"ಎಲ್ರೂ ಕೇಳಿಸ್ಕೊಂಡ್ರೇನ್ರಮ್ಮಾ?" ಎಂದ ದೊಡ್ಡಪ್ಪ.

ಮುಳ್ಳಿದ್ದದ್ದು ಬಲೆಯ ಅಡಿಯಲ್ಲಿ. ಕೂಚಕ್ಕೆ ಸುತ್ತಿದ ತಂತಿ ಬಿಚ್ಚದೆ ಒಂದು ಕಡ್ಡಿಯೂ ಈಚೆಗೆ ಬರುವಂತಿರಲಿಲ್ಲ. ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತು ತಂತಿ ಬಿಚ್ಚತೊಡಗಿದ. "ಏಯ್, ಏಯ್" ಎಂದು ಮ್ಯಾನೇಜರು ಮುಂದೆ ಬಂದ. "ನೀನೇ ಅಲ್ವೇನಪ್ಪ ತಗೊಂಡ್ ಹೋಗು ಅಂದಿದ್ದು?" ಎಂದು ಹೆಂಗಸರು ಒಟ್ಟಿಗೆ ಬಾಯಿ ಮಾಡಿದರು. ಅತಿಥಿಗಳಲ್ಲೊಬ್ಬಳು ತನ್ನ ಕೈಗವಸು ಬಿಚ್ಚಿ ದೊಡ್ಡಪ್ಪನ ಕಡೆ ಚಾಚಿದಳು. "ಬೇಡ ತಾಯಿ, ನಮ್ ಮುಳ್ಳು ನಮ್ಗೆ ಚುಚ್ಚಲ್ಲ," ಎಂದ. ಮರುಗಳಿಗೆಯೇ "ಹಾ!" ಎಂದು ಬೆರಳು ಬಾಯಿಗಿಟ್ಟುಕೊಂಡ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ.

ಬಲೆಯ ಆ ಮೂಲೆ ಸಡಿಲವಾಗಿ ಮಡಚಿಕೊಂಡಿತು. ನಾನೂ ಸೇರಿ ಮುಳ್ಳೆಳೆದು ಪಕ್ಕಕ್ಕೆ ಹಾಕಿದೆವು. ಕೆಳಗೆ ದಾರಿ ಹಾಗೆಯೇ ಇತ್ತು. ಅಕ್ಕಪಕ್ಕ ಹುಲ್ಲು, ನಡುವೆ ಕಾಲು ಸವೆಸಿದ ಬರಿ ನೆಲ.

"ಆಯ್ತಲ್ಲ? ಈಗ ಬಲೆ ಕಟ್ಟು," ಎಂದ ಮ್ಯಾನೇಜರು ಕಾವಲುಗಾರನಿಗೆ.

ಕಾವಲುಗಾರ ತಂತಿ ಹಿಡಿದು ಬಗ್ಗುವುದರೊಳಗೆ ಹುಡುಗಿ ಆ ಸಂದಿನಲ್ಲಿ ದಾಟಿ ನನ್ನ ಕಡೆ ಬಂದುಬಿಟ್ಟಳು. ಅವಳ ಹಿಂದೆ ಪಕ್ಕದ ಮನೆಯ ಅಕ್ಕ, ಅವಳ ಹಿಂದೆ ಅವಳ ಅತ್ತೆ. ಈ ಕಡೆಗೆ ಬಂದವರು ಮತ್ತೆ ಆ ಕಡೆಗೆ ಹೋದರು. ಹುಲ್ಲಿನ ಹೊರೆ ಹೊತ್ತವಳೊಬ್ಬಳು "ದಾರಿ ಬಿಡಪ್ಪ" ಎಂದಳು. ಕಾವಲುಗಾರ ತಂತಿ ಕೈಯಲ್ಲಿ ಹಿಡಿದೇ ಪಕ್ಕಕ್ಕೆ ಸರಿದ. ನಡೆಯುವವರ ಮಧ್ಯೆ ಬೇಲಿ ಕಟ್ಟುವುದು ಹೇಗೆ?

"ಸರ್ವೆ ಆಗ್ಲಿ ಮೇಡಂ, ಆಮೇಲೆ ಗೊತ್ತಾಗುತ್ತೆ," ಎಂದ ಮ್ಯಾನೇಜರು. ನಗು ಹೋಗಿತ್ತು.

"ಆಗ್ಲಿ. ಅರ್ಜಿ ಕೊಟ್ಟಿರೋಳು ನಾನೇ. ಅಲ್ಲೀವರ್ಗೂ ನಡೀತಿರ್ತೀವಿ. ನೀವು ಕಟ್ಟಿದ್ರೆ, ಅದನ್ನ ಬಿಚ್ಚಿ ನಡೀತೀವಿ."

ಅಳತೆಯವರು ಇನ್ನೂ ಬಂದಿಲ್ಲ. ಬಲೆಯನ್ನು ಒಂದು ಸಲ ಕಟ್ಟಿದ್ದರು. ಹೆಂಗಸರು ಅದನ್ನು ಹಗಲು ಹೊತ್ತಿನಲ್ಲೇ, ಕಾವಲುಗಾರನ ಎದುರಿಗೇ ಬಿಚ್ಚಿದರು. ಮತ್ತೆ ಕಟ್ಟಿಲ್ಲ. ಈಗ ಅಲ್ಲಿ ಒಬ್ಬರು ದಾಟುವಷ್ಟು ಸಂದಿದೆ. ಹೊರೆಯಿದ್ದರೆ ಸ್ವಲ್ಪ ಓರೆಯಾಗಬೇಕು. ಅಣ್ಣ ಕಾಲೇಜು ಬಿಡಿಸುವ ಮಾತು ಮತ್ತೆ ಎತ್ತಿಲ್ಲ.

ಮುಳ್ಳು ತೆಗೆದ ಮರುದಿನ, ಸೋಮವಾರ, ನಾನು ರಜೆ ಹಾಕಿ ಹುಡುಗಿಯ ಜೊತೆ ಗುಡ್ಡ ಹತ್ತಿದ್ದೆ. ಹಿಂದಿನ ಸಂಜೆ ಮಳೆಯಾಗಿತ್ತು. ಬಂಡೆಯ ಗುಳಿಯಲ್ಲಿ ಅವಳು ಕಾಲು ತೊಳೆದುಕೊಂಡಳು, ಒಂದಾದ ಮೇಲೊಂದು, ಅವಸರವಿಲ್ಲದೆ. ಹಳದಿ ಬಾಣ ಸೂರ್ಯಾಸ್ತ ನೋಡುವ ಜಾಗದ ಕಡೆ, ಮೇಲಕ್ಕೆ ತೋರಿಸುತ್ತಿತ್ತು. ಅವಳು ಚೀಲ ಹೆಗಲಿಗೇರಿಸಿ ಕೆಳಗೆ, ಬಸ್ಸಿನ ಕಡೆ ಇಳಿದಳು.