ಬಳೆಚೂರಿನ ಹಸಿರು

ಗಾಜಿನ ಬಳೆ ತೋರಿಸಿ ಇದು ಯಾವ ಬಣ್ಣ ಎಂದು ಕೇಳಿದರೆ ನಾನು ಈಗಲೂ ತಟ್ಟನೆ ಉತ್ತರ ಕೊಡುವುದಿಲ್ಲ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಬಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನನ್ನ ಸಣ್ಣ ಪ್ರೆಸ್ಸು ಇದ್ದಾಗ ಒಂದು ಬಳೆಚೂರು ನನಗೆ ಚೆನ್ನಾಗಿ ನೀರು ಕುಡಿಸಿತ್ತು. ಆ ಪ್ರೆಸ್ಸಿನ ಶಾಯಿ, ಸೀಮೆಎಣ್ಣೆಯ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಎರಡನೆಯ ಮಹಾಯುದ್ಧದ ಕಾಲ. ಕಾಗದ ಸಿಕ್ಕರೆ ಶಾಯಿ ಇಲ್ಲ, ಶಾಯಿ ಸಿಕ್ಕರೆ ಕಾಗದ ಇಲ್ಲ. ಇದ್ದಲಿ ಸುಟ್ಟು ಓಡುವ ಮೋಟಾರು ಬಸ್ಸು ತಿಕೋಟಾದಿಂದ ಬಂದು ನಿಂತರೆ ಅದರ ಹೊಗೆಯೆಲ್ಲ ನಮ್ಮ ಅಂಗಡಿಯೊಳಗೇ. ಒಂದು ಬೆಳಗ್ಗೆ ಆ ಮೋಟಾರಿನಲ್ಲಿ ತಿಕೋಟಾದ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಅವಳ ಮದುವೆ ಗೊತ್ತಾಗಿತ್ತು, ಬೀಗರು ಬಬಲೇಶ್ವರದವರು. ಜವಳಿ ತೆಗೆದುಕೊಂಡು, ಲಗ್ನಪತ್ರಿಕೆಯನ್ನೂ ಅಚ್ಚು ಹಾಕಿಸಿಕೊಂಡು ಸಂಜೆಯ ಮೋಟಾರಿಗೆ ತಿರುಗಿ ಹೋಗಬೇಕಿತ್ತು.

ಲಗ್ನಪತ್ರಿಕೆ ಎಂದರೆ ಕೆಂಪು ಶಾಯಿ, ಅದರಲ್ಲಿ ಕೇಳುವುದೇನಿದೆ? ಡಬ್ಬಿ ತೆರೆಯುತ್ತಿದ್ದೆ. ಹುಡುಗಿ ಸೆರಗಿನ ಗಂಟು ಬಿಚ್ಚಿ ಒಂದು ಹಸಿರು ಬಳೆಚೂರನ್ನು ಮೇಜಿನ ಮೇಲಿಟ್ಟಳು.

“ಈ ಬಣ್ಣದಾಗ ಬೇಕ್ರಿ ಅಣ್ಣಾರ.”

“ಹಸರ ಲಗ್ನಪತ್ರಿಕಿ ಯಾರ ಹಾಕಸ್ತಾರವಾ? ಮಂದಿ ಏನಂದಾರು?” ಎಂದೆ.

“ಅಂದರ ಅನ್ನಲಿ,” ಅಂದರು ಅವಳ ಅಪ್ಪ. “ವರ, ಒಡವಿ, ಸೀರಿ, ಎಲ್ಲಾಕೂ ನಾ ಹೇಳಿದ್ದಕ್ಕ ಹೂಂ ಅಂದಾಳ. ಬಾಯಿ ಬಿಟ್ಟ ಕೇಳಿದ್ದು ಇದೊಂದ. ನಿಮ್ಮ ಕೈಲೆ ಆಗತೈತೋ ಇಲ್ಲೋ ಹೇಳ್ರಿ.”

ನನ್ನ ಕೈಲಿ ಆಗುತ್ತದೋ ಇಲ್ಲವೋ ಎಂದು ಕೇಳುವುದೆಂದರೆ! ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವನು ನಾನು. ಏನೋ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಮೆಲ್ಲಗೆ ಹೇಳಿದಳು: “ನಮ್ಮವ್ವ ಹ್ವಾದ ವರ್ಷ ತೀರಕೊಂಡ್ಳರಿ. ಇದ್ದಿದ್ರ ಮನಿಮನಿಗೆ ಹೋಗಿ ಕುಂಕುಮ ಹಚ್ಚಿ ಕರದ ಬರತಿದ್ಳು. ಇದು ಅಕಿ ಬಳಿಚೂರ್ರಿ, ಇದರ ಬಣ್ಣಾರ ಮನಿಮನಿಗೆ ಹೋಗಲಿ ಅಂತ.”

ಕೆಂಪು ಡಬ್ಬಿಯನ್ನು ಮುಚ್ಚಿ ಆಚೆ ಸರಿಸಿದೆ. ಶಾಯಿ ಕಲಸಲು ಕೂತೆ.

ಹಸಿರು ಶಾಯಿ ಬರುವುದು ನಿಂತೇ ಹೋಗಿತ್ತು. ಕಲ್ಲಿನ ಮೇಲೆ ನೀಲಿ, ಹಳದಿ ಹಾಕಿ ಅಗಲ ಚಾಕುವಿನಿಂದ ತಿಕ್ಕಿ, ಹೆಬ್ಬೆರಳಿನಿಂದ ಕಾಗದಕ್ಕೆ ಒತ್ತಿ, ಬಾಗಿಲ ಬೆಳಕಿಗೆ ಒಯ್ದೆ. ಗಿಳಿ ಹಸಿರು. ಅದರ ಪಕ್ಕ ಕಾಗದದ ಮೇಲಿಟ್ಟ ಚೂರೂ ಗಿಳಿ ಹಸಿರೇ. ಕೂದಲೆಳೆಯಷ್ಟು ಫರಕು ಇರಲಿಲ್ಲ.

“ಇದಲ್ರಿ,” ಅಂದಳು ಹುಡುಗಿ.

ನೀಲಿ ಹೆಚ್ಚಿಸಿದೆ. ಅದೂ ಅಲ್ಲ. ಹಳದಿ ಹೆಚ್ಚಿಸಿದೆ. ಅದಂತೂ ಅಲ್ಲವೇ ಅಲ್ಲ. ಅಚ್ಚಿನ ಮಷಿನ್ನನ್ನು ಕಾಲಿನಿಂದ ತುಳಿಯುವ ನಮ್ಮ ಚಾಚಾ ನಿಂತಲ್ಲಿಂದಲೇ, “ಮಾಲಕರ, ಹಿಂಗ ಶಾಯಿ ಖರ್ಚಾದ್ರ ನಾಳಿಂದ ಮೋಟಾರಿನ ಇದ್ದಲಿ ಅರದ ಅಚ್ಚ ಹಾಕೂದ ನೋಡ್ರಿ,” ಅಂದರು. ಅವರ ಮೇಲೆ ಹಾರಿಬಿದ್ದೆ. ಉಳಿದ ಸಿಟ್ಟು ಹುಡುಗಿಯ ಮೇಲೆ ಹೋಯಿತು.

“ನೀ ತಂದ ಚೂರ ಇದು, ನಾ ಮಾಡಿದ ಬಣ್ಣ ಇದು. ಎರಡೂ ಒಂದ ಅದಾವಿಲ್ಲೋ? ಇನ್ನೇನ ಮಾಡ್ಲಿ ನಾ?”

ಅಪ್ಪ ಎದ್ದು ನಿಂತರು. “ಬಿಡವಾ, ಕೆಂಪ ಆಗಲಿ.”

ಹುಡುಗಿಯ ಕಣ್ಣು ತುಂಬಿತು. “ಅವ್ವನ ಕೈಯಾಗ ಹಿಂಗ ಕಾಣತಿದ್ದಿಲ್ರಿ,” ಎಂದು ಚೂರನ್ನು ಎತ್ತಿ ತನ್ನ ಮಣಿಕಟ್ಟಿನ ಮೇಲಿಟ್ಟುಕೊಂಡಳು. “ಹಿಂಗ ಇತ್ತು ನೋಡ್ರಿ.”

ನೋಡಿದೆ. ಅವಳ ಎಣ್ಣೆಗಪ್ಪು ಕೈಯ ಮೇಲೆ ಗಿಳಿ ಹಸಿರು ಹೋಗಿ ಬಲಿತ ವೀಳ್ಯದೆಲೆಯ ಹಸಿರಾಗಿತ್ತು. ಗಾಜು ತಾನು ಕೂತ ಜಾಗದ ಬಣ್ಣವನ್ನೂ ತೋರಿಸುತ್ತದೆ. ನಾನೋ ಅದನ್ನು ಬಿಳಿ ಕಾಗದದ ಮೇಲಿಟ್ಟು ಒದ್ದಾಡುತ್ತಿದ್ದೆ. ಬಿಳಿ ಕಾಗದದಂಥ ಕೈ ನಮ್ಮ ಕಡೆ ಯಾವ ಹೆಣ್ಣುಮಗಳಿಗಿದೆ, ನನ್ನ ತಲೆ!

“ಕೈ ಅಲ್ಲೇ ಇಡವಾ, ಅಳ್ಳಾಡಿಸಬ್ಯಾಡ,” ಎಂದೆ. ಆಚೆ ಸರಿಸಿದ್ದ ಕೆಂಪು ಡಬ್ಬಿಯನ್ನು ಮತ್ತೆ ತೆರೆದು, ಉಗುರಿನ ತುದಿಯಷ್ಟು ಕೆಂಪನ್ನು ಹಸಿರಿಗೆ ಸೇರಿಸಿದೆ. ಒತ್ತಿ, ಅವಳ ಕೈಯ ಪಕ್ಕ ಹಿಡಿದೆ. ಇನ್ನೊಂದಿಷ್ಟು ಕೆಂಪು ಬೇಕಾಯಿತು. ಆಮೇಲೆ ಅವಳು ಹೌದೆಂದು ತಲೆಯಾಡಿಸಿದಳು.

ಚಾಚಾ ಮಷಿನ್ ತುಳಿದರು. ಮೊದಲ ಪ್ರತಿಯನ್ನು ಅವಳ ತಂದೆಯ ಮುಂದೆ ಹಿಡಿದೆ. “ಬಣ್ಣ ಹೊಂದೈತೇನ ನೋಡ್ರಿ.”

ಅವರು ಕಾಗದವನ್ನು ನೋಡುತ್ತಿರಲಿಲ್ಲ. ಮಗಳು ಮೇಜಿನ ಮೇಲಿಟ್ಟ ಕೈಯನ್ನು ಇನ್ನೂ ತೆಗೆದಿರಲಿಲ್ಲ, ಅವರ ಕಣ್ಣು ಅಲ್ಲೇ ಇತ್ತು.

“ಹೊಂದೈತ್ರಿ,” ಅಂದರು. “ಇದು ಇಕಿ ಅವ್ವನ ಕೈನ ನೋಡ್ರಿ. ಇಷ್ಟ ದಿನ ಮನ್ಯಾಗ ಇದ್ರೂ ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ. ಈಗ ಇದೂ ಬಬಲೇಶ್ವರಕ್ಕ ಹೋಗತೈತಿ,” ಅಂದರು.

ಆ ಪ್ರತಿಯನ್ನು ಅವರ ಕೈಗೆ ಕೊಟ್ಟು, ಉಳಿದವನ್ನು ತುಳಿಯಲು ಚಾಚಾಗೆ ಹೇಳಿದೆ.

ಸಂಜೆ ಮೋಟಾರು ಹೊರಡುವ ಹೊತ್ತಿಗೆ ಪತ್ರಿಕೆಗಳ ಕಟ್ಟನ್ನು ನಾನೇ ಒಯ್ದುಕೊಟ್ಟೆ. ಹುಡುಗಿ ಸೆರಗಿನ ಗಂಟನ್ನು ಮತ್ತೆ ಬಿಚ್ಚಿದಳು. ಗಂಡನ ಮನೆಗೆ ಒಯ್ಯಲೆಂದು ಇಟ್ಟುಕೊಂಡಿದ್ದ ಆ ಚೂರನ್ನು ಅಪ್ಪನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಇದು ನಿನ್ನ ಹತ್ರ ಇರಲಿ ಯಪ್ಪಾ. ನನಗ ಪತ್ರಿಕಿ ಐತಿ.”

ಅವರು ಆ ಮುಷ್ಟಿಯನ್ನು ಬಿಚ್ಚದೆ, ಇನ್ನೊಂದು ಕೈಯಿಂದ ಕಂಬಿ ಹಿಡಿದು ಮೋಟಾರು ಹತ್ತಿದರು.