ಯಂತ್ರ ಕಡಿಸಿದ ತೇಗದ ತೋಪು

ಆ ಸಾಹೇಬರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಎಪ್ಪತ್ತರ ದಶಕ, ದೆಹಲಿಯ ಕಿದ್ವಾಯಿ ನಗರದಿಂದ ಬಸ್ಸಿನಲ್ಲಿ ಜೋತುಬಿದ್ದು ಕಚೇರಿಗೆ ಹೋಗುತ್ತಿದ್ದೆ. ಕಂಪ್ಯೂಟರಿನಲ್ಲಿ ಕಾಡು ಬೆಳೆಸುವುದು ನನ್ನ ಕೆಲಸ. ಒಂದು ತೋಪಿನ ಮರಗಳ ಅಳತೆಯನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟರೆ, ಯಾವ ವರ್ಷ ಎಷ್ಟು ಮರ ತೆಗೆದರೆ ಲಾಭವೆಂದು ಯಂತ್ರ ಉದ್ದನೆಯ ಕಾಗದದಲ್ಲಿ ಅಚ್ಚುಹಾಕುತ್ತಿತ್ತು. ವಿದೇಶದಿಂದ ತರಿಸಿದ ಪ್ರೋಗ್ರಾಂ. ಸಾಹೇಬರು ಅದನ್ನು ಹೊಸ ಸೊಸೆಯ ಹಾಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ನಮ್ಮ ಅರಣ್ಯದವರು ಮರದ ಎದೆಮಟ್ಟಕ್ಕೆ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತಾರೆ. ಆ ಪ್ರೋಗ್ರಾಂ ಕೇಳುತ್ತಿದ್ದದ್ದು ವ್ಯಾಸ. ಕರ್ನಾಟಕದ ಒಂದು ತೇಗದ ತೋಪಿನ ಪಟ್ಟಿಯನ್ನು ನಾನು ಬಂದ ಹಾಗೆಯೇ ಕಾರ್ಡಿಗೆ ಇಳಿಸಿದೆ. ಎಳೆಯ ಮರಗಳೆಲ್ಲ ಯಂತ್ರದ ಲೆಕ್ಕದಲ್ಲಿ ಮೂರು ಪಟ್ಟು ದಪ್ಪವಾದವು. ಬಲಿತಿವೆ, ಪೂರ್ತಿ ಕಡಿಯಬಹುದು ಎಂದು ಉತ್ತರ ಬಂತು. ಕೈಪಿಡಿಯನ್ನು ಎರಡನೇ ಸಲ ಓದುವಾಗ ತಪ್ಪು ಗೊತ್ತಾಯಿತು. ಅಷ್ಟರಲ್ಲಿ ವರದಿ ಮೇಲಕ್ಕೆ ಹೋಗಿತ್ತು.

ಸಾಹೇಬರು ನಮ್ಮ ಕನ್ನಡದವರೇ. ಓಡಿಹೋಗಿ ಹೇಳಿದೆ.

“ನೋಡಮ್ಮಾ, ಮೇಲಿನವರು ಒಪ್ಪಿಯಾಯ್ತು. ಈಗ ತಪ್ಪು ಅಂದ್ರೆ ನಮಗೆ ಮತ್ತೆ ಆ ಮೆಷಿನ್ ಮುಟ್ಟೋಕೆ ಬಿಡ್ತಾರಾ? ಛೋಡೋ, ಬಿಟ್ಬಿಡು.”

“ಸರ್, ಮರ ಕಡಿದುಬಿಡ್ತಾರೆ.”

“ಅಚ್ಛಾ? ಮರ ಇರೋದೇ ಕಡಿಯೋಕೆ.”

ಕಡಿಯೋಕಂತೆ! ತೇಗದ ಚಿಗುರನ್ನು ಉಜ್ಜಿದರೆ ಅಂಗೈ ಕೆಂಪಾಗುತ್ತದೆ ಎಂಬುದೂ ಗೊತ್ತಿಲ್ಲದ ಮನುಷ್ಯ! ಫೈಲು ಅವರ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ.

ಕೆಲವು ವಾರಗಳ ಮೇಲೆ ಆ ತೋಪಿನ ರೇಂಜರ್ ಕಡಿಯುವ ಆದೇಶ ಹಿಡಿದು ದೆಹಲಿಗೇ ಬಂದರು. ಗಾರ್ಡ್ ಆಗಿದ್ದಾಗ ಆ ಸಸಿಗಳನ್ನು ಮುಂದೆ ನಿಂತು ನೆಡಿಸಿದವರು. ಅಳತೆಯ ಪಟ್ಟಿಯೂ ಅವರದೇ. ಸಾಹೇಬರ ಮಾತು ಸಾಲದೆ ನನ್ನ ಮೇಜಿಗೆ ಬಂದರು.

“ಮೇಡಂ, ಅವು ಇನ್ನೂ ನನ್ನ ಎರಡು ಕೈಯ ಹಿಡಿತಕ್ಕೆ ಸಿಗ್ತವೆ. ಕಂಪ್ಯೂಟರ್ ಸರಿಯಾಗಿ ಹೇಳಿದೆಯಾ? ನೀವು ಹೌದು ಅಂದ್ರೆ ಸುಮ್ಮನೆ ಹೋಗ್ತೀನಿ.”

ಸಾಹೇಬರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಹೌದು ಅಂದೆ.

ಅವರು ಕೈಮುಗಿದರು. “ಓದಿದವರು ನೀವು. ನಾನೇ ಟೇಪು ಸರಿಯಾಗಿ ಹಿಡಿದಿಲ್ಲವೇನೋ” ಎಂದು ತಮ್ಮನ್ನೇ ಬೈದುಕೊಳ್ಳುತ್ತ ಮೆಟ್ಟಿಲಿಳಿದು ಹೋದರು.