ಅಣ್ಣನ ಸೈಕಲ್ಲಿಗೆ ಇನ್ನೆರಡು ಗೇರು

ಇನ್ನೂ ಬೆಳಕು ಹರಿದಿಲ್ಲ. ಮೆಟ್ಟಿಲ ಕೆಳಗಿನ ಕಿರಿದಾದ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಗೇರಕ್ಕ ಹಳೆಯ ರೇಸ್ ಸೈಕಲ್ಲೊಂದನ್ನು ಮಗ್ಗುಲಿಗೆ ಮಲಗಿಸಿ, ಹಿಂಬದಿಯ ಎರಡು ಉಕ್ಕಿನ ಕೊಳವೆಗಳ ನಡುವೆ ಉದ್ದನೆಯ ಬೋಲ್ಟ್ ಕೂರಿಸಿ, ಉಸಿರು ಬಿಗಿಹಿಡಿದು ನಟ್ ತಿರುಗಿಸುತ್ತಿದ್ದಾರೆ. ಎಂಟು ಗೇರಿನ ಹೊಸ ಚಕ್ರ ಹಳೆಯ ಆರು ಗೇರಿನದಕ್ಕಿಂತ ಅರ್ಧ ಅಕ್ಕಿಕಾಳಿನಷ್ಟು ಅಗಲ. ಅಷ್ಟು ಜಾಗಕ್ಕಾಗಿ ಫ್ರೇಮನ್ನೇ ಹಿಗ್ಗಿಸಬೇಕು. ಕೈ ತಪ್ಪಿದರೆ ಬೆಸುಗೆ ಬಿರುಕು ಬಿಡುತ್ತದೆ, ಸೈಕಲ್ ಗುಜರಿ ಸೇರುತ್ತದೆ. ಬೇರೆಯವರದಾಗಿದ್ದರೆ ಗೇರಕ್ಕ ಇಷ್ಟು ಬೆವರುತ್ತಿರಲಿಲ್ಲ. ಇದು ಅವರ ಅಣ್ಣನದು.

ಹೆಸರು ಕೇಳಿ ಗೇರುಬೀಜ ಕೊಳ್ಳಲು ಬಂದವರೂ ಉಂಟು. ಇವರ ಕಸುಬು ಬೇರೆ. ಮೂಲೆ ಸೇರಿದ ಸೈಕಲ್ಲುಗಳಿಗೆ ಹೆಚ್ಚು ಗೇರು ಕೂರಿಸಿ ಮತ್ತೆ ರಸ್ತೆಗಿಳಿಸುತ್ತಾರೆ. ಹಗಲೆಲ್ಲ ಪಂಕ್ಚರ್, ಬ್ರೇಕ್, ಗಾಳಿ ಹೊಡೆಯುವುದು ಇದ್ದದ್ದೇ. ಗೇರಿನ ಕೆಲಸಕ್ಕೆ ಮಾತ್ರ ಬೆಳಗಿನ ಜಾವವೇ ಆಗಬೇಕು. ಚೈನಿನ ಸದ್ದು ಕಿವಿಗೆ ಸರಿಯಾಗಿ ಬೀಳುವುದು ಆಗಲೇ.

ಅಂಗಡಿ ಮೊದಲು ಅಣ್ಣನದಾಗಿತ್ತು. ಅವರು ರೇಸುಗಳಲ್ಲಿ ಗೆದ್ದವರು, ತಂಗಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಮಂಡಿ ನೋವು ಕೂತು ಏಳಲು ಬಿಡದಾದಾಗ ಕೆಲಸ ತಂಗಿಯ ಕೈಗೆ ಬಂತು. ಶುರುವಿನಲ್ಲಿ ಗಿರಾಕಿಗಳು ಇವರನ್ನು ದಾಟಿ ಒಳಗೆ ಇಣುಕಿ, ಮೆಕ್ಯಾನಿಕ್ ಇಲ್ಲವೇ ಎಂದು ಕೇಳುತ್ತಿದ್ದರಂತೆ. "ಇದ್ದಾರೆ, ನಿಮ್ಮ ಸೈಕಲ್ ಹಿಡ್ಕೊಂಡು ನಿಂತಿದ್ದಾರೆ ಅಂತಿದ್ದೆ," ಎನ್ನುತ್ತಾರೆ ಗೇರಕ್ಕ, ಮುಖ ಎತ್ತದೆ.

ಊರವರ ಸೈಕಲ್ಲುಗಳಿಗೆಲ್ಲ ಗೇರು ಹೆಚ್ಚಿಸಿದ ಈ ಕೈಗೆ ಅಣ್ಣ ಮಾತ್ರ ತನ್ನ ಸೈಕಲ್ ಕೊಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ. ಅದರ ಮೇಲೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾಯಮಾನ. ಗೇರು ಹೆಚ್ಚು ಬೇಕೆನ್ನುವವನಿಗೆ ಕಾಲಲ್ಲಿ ಕಸುವಿಲ್ಲ ಎಂಬುದು ಅವರ ವಾದ. ಆದರೆ ಭಾನುವಾರ ಗೆಳೆಯರೆಲ್ಲ ನೀರಿನ ಟ್ಯಾಂಕಿನ ಗುಡ್ಡ ಹತ್ತಲು ಹೊರಟರೆ, ಅಣ್ಣ ಏನೋ ಕೆಲಸವಿದೆಯೆಂದು ಉಳಿಯತೊಡಗಿದರು. ಕೆಲಸವೆಂದರೆ ಕಿಟಕಿಯ ಬಳಿ ಕೂತು, ಗೆಳೆಯರು ವಾಪಸಾಗುವ ದಾರಿ ನೋಡುವುದು.

ಕೊನೆಗೆ ನಿನ್ನೆ ಸಂಜೆ ಅಣ್ಣ ಬಂದು, ಸೈಕಲ್ಲನ್ನು ಅಂಗಡಿಯ ಗೋಡೆಗೊರಗಿಸಿ ಹೊರಟುಹೋದರು.

ನಟ್ ನಿಲ್ಲುತ್ತದೆ. ಬೋಲ್ಟ್ ತೆಗೆದು, ಫ್ರೇಮಿನ ಹಿಂದಿನ ಒಂದು ತುದಿಯಿಂದ ಹ್ಯಾಂಡಲ್ಲಿನ ಕೆಳಗೆ ಸುತ್ತಿಸಿ ಇನ್ನೊಂದು ತುದಿಗೆ ದಾರ ಕಟ್ಟಿ, ಫ್ರೇಮ್ ಓರೆಯಾಗಿದೆಯೇ ಎಂದು ಗೇರಕ್ಕ ಕಣ್ಣು ಕಿರಿದಾಗಿಸಿ ನೋಡುತ್ತಾರೆ. ಎರಡು ಕಡೆಯೂ ಸಮ. ಬೆಸುಗೆ ಗಟ್ಟಿಯಾಗಿದೆ. ಹೊಸ ಚಕ್ರ, ಸಪೂರ ಚೈನು, ಅದನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಉದ್ದ ತೋಳು, ಒಂದೊಂದೇ ಕೂರುತ್ತವೆ. ಗೇರು ಬದಲಿಸುವ ಲಿವರ್ ಮಾತ್ರ ಹಳೆಯದೇ. ಹೊಸ ಲಿವರ್ ಹಾಕಿದರೆ ಪ್ರತಿ ಗೇರಿಗೂ ಟಕ್ ಎಂದು ತಾನೇ ನಿಲ್ಲುತ್ತದಲ್ಲ, ಸುಲಭವಲ್ಲವೇ ಎಂದರೆ ಗೇರಕ್ಕ ಹೇಳುತ್ತಾರೆ:

"ಸುಲಭವೇ. ಆದ್ರೆ ಅಣ್ಣ ಗೇರನ್ನ ಬೆರಳಲ್ಲೇ ಹುಡುಕೋನು. ಆ ವಿದ್ಯೆ ನಾನ್ಯಾಕೆ ಕಿತ್ಕೊಳ್ಳಲಿ? ಈ ಹಳೇ ಲಿವರ್‌ಗೆ ಎಣಿಸೋಕೆ ಬರಲ್ಲ. ಆರಿದ್ರೂ ಎಳೆಯತ್ತೆ, ಎಂಟಿದ್ರೂ ಎಳೆಯತ್ತೆ."

ಬಿಸಿಲೇರುವ ಹೊತ್ತಿಗೆ ಅಣ್ಣ ಬರುತ್ತಾರೆ. ಪೆಡಲ್ ತಿರುಗಿಸಿ, ಲಿವರ್ ಎಳೆದು, ತಲೆ ವಾಲಿಸಿ ಆಲಿಸುತ್ತಾರೆ. ಗುಡ್ಡದ ಕಡೆ ಹೊರಟೇಬಿಡುತ್ತಾರೆ. ಇತ್ತ ಗೇರಕ್ಕ ಟ್ಯೂಬೊಂದರ ತೂತು ಬಿಟ್ಟು ಪಕ್ಕಕ್ಕೆ ಪ್ಯಾಚ್ ಅಂಟಿಸಿ, ನಾಲಿಗೆ ಕಚ್ಚಿಕೊಂಡು ಮತ್ತೆ ಕೀಳುತ್ತಾರೆ. ಕಣ್ಣೆಲ್ಲ ರಸ್ತೆಯ ಮೇಲೆ.

ಅಣ್ಣ ಮರಳುವಾಗ ಅಂಗಿ ಬೆವರಲ್ಲಿ ತೊಯ್ದಿದೆ, ಮುಖ ಅರಳಿದೆ. "ಟ್ಯಾಂಕ್ ತನಕ ಹೋಗಿ ಬಂದೆ," ಎನ್ನುತ್ತಾರೆ. "ನಿನ್ನ ಆ ಕೊನೇ ಗೇರು ಮುಟ್ಟಲೇ ಇಲ್ಲ." ಅಷ್ಟು ಹೇಳಿ ಮುಖ ತೊಳೆಯಲು ಹಿಂದಕ್ಕೆ ಹೋಗುತ್ತಾರೆ.

ಗೇರಕ್ಕ ಬಗ್ಗಿ ನೋಡುತ್ತಾರೆ. ಬೆಳಿಗ್ಗೆ ಒರೆಸಿ ಕೊಟ್ಟಿದ್ದ ಅತಿ ದೊಡ್ಡ ಹಲ್ಲುಚಕ್ರ, ಗುಡ್ಡ ಹತ್ತಿಸುವ ಆ ಕೊನೆಯ ಗೇರು. ಅದರ ಹಲ್ಲು ಹಲ್ಲಿಗೂ ಚೈನಿನ ಕಪ್ಪು ಮೆತ್ತಿಕೊಂಡಿದೆ. ಹಿಂದೆ ನಲ್ಲಿ ಇನ್ನೂ ಸುರಿಯುತ್ತಿದೆ. ಗೇರಕ್ಕ ಬಟ್ಟೆ ಎತ್ತಿಕೊಂಡು ಒಂದೊಂದೇ ಹಲ್ಲು ಒರೆಸುತ್ತಾರೆ.

"ಅಣ್ಣ ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ," ಎನ್ನುತ್ತಾರೆ ಮೆಲ್ಲಗೆ. "ಭಾನುವಾರ ಎಲ್ಲರ ಜೊತೆಗೂ ಹೀಗೇ ಮುಟ್ಟದೆ ಹತ್ತಿ ಬರ್ಲಿ. ನಾನು ಒರೆಸ್ತೀನಿ."